ಐದು ಹಡಗುಗಳ ಹಣೆಬರಹ

ಒಂದೇ ನಕ್ಷೆಯಿಂದ ಹುಟ್ಟಿದ ಹಡಗುಗಳೂ ಒಂದೇ ಹಣೆಬರಹವನ್ನು ಪಡೆದು ಬರುವುದಿಲ್ಲ. ಎರಡನೆಯ ಮಹಾಯುದ್ಧಕ್ಕೆ ಮುನ್ನ ಜರ್ಮನಿಯು ಆರಂಭಿಸಿದ ‘ಅಡ್ಮಿರಲ್ ಹಿಪ್ಪರ್’ ವರ್ಗದ ಐದು ಭಾರಿ ಕ್ರೂಸರುಗಳ ಕಥೆಯನ್ನು ನೋಡೋಣ. ಒಪ್ಪಂದದ ಮಿತಿ 10,000 ಟನ್. ಕಟ್ಟಿದ್ದು 14,000 ಟನ್ನಿಗೂ ಮಿಕ್ಕಿ! 20.3 ಸೆಂಟಿಮೀಟರ್ ಬಾಯಳತೆಯ 8 ಫಿರಂಗಿಗಳು, 32 ನಾಟ್ ವೇಗ. ಆದರೆ ಅಧಿಕ ಒತ್ತಡದ ಆವಿಯಿಂದ ನಡೆಯುವ ಅವುಗಳ ಯಂತ್ರಗಳು ಪದೇ ಪದೇ ಕೆಡುತ್ತಿದ್ದುವು.

1940ರ ಏಪ್ರಿಲ್ 9ರ ಮುಂಜಾವಿನಲ್ಲಿ ‘ಬ್ಲೂಷರ್’ ನಾರ್ವೆಯ ರಾಜಧಾನಿಯನ್ನು ಹಿಡಿಯಲು ಸೈನಿಕರನ್ನು ಹೊತ್ತು ಓಸ್ಲೋ ಕೊಲ್ಲಿಯ ಇಕ್ಕಟ್ಟಿನ ದಾರಿಯನ್ನು ಹೊಕ್ಕಿತು. ಆಸ್ಕರ್ಸ್‌ಬೋರ್ಗ್ ಕೋಟೆಯ ಅಧಿಪತಿ ಕರ್ನಲ್ ಎರಿಕ್ಸನ್ ಗುಂಡು ಹಾರಿಸಲು ಆಜ್ಞಾಪಿಸಿದನು. ಹತ್ತೊಂಬತ್ತನೆಯ ಶತಮಾನದ ಆ ಮುದಿ ಫಿರಂಗಿಗಳು, ವಿಚಿತ್ರವೆಂದರೆ, ಜರ್ಮನಿಯ ಕ್ರುಪ್ ಕಾರ್ಖಾನೆಯವೇ. ಎರಡು ಗುಂಡುಗಳೂ ಗುರಿ ಮುಟ್ಟಿದುವು. ಹಿಂದೆಯೇ ದಡದಿಂದ ಬಂದ ಎರಡು ಟಾರ್ಪಿಡೊಗಳು ಒಡಲನ್ನು ಸೀಳಿದುವು. ಸೇವೆಗೆ ಸೇರಿ ವರ್ಷ ತುಂಬದ ಹೊಚ್ಚ ಹೊಸ ಹಡಗು ನೂರಾರು ಜನರೊಡನೆ ಮುಳುಗಿತು. ಆ ವಿಳಂಬದಲ್ಲಿ ದೊರೆ ಏಳನೆಯ ಹಾಕನ್ ಮತ್ತು ಅವನ ಮಂತ್ರಿಮಂಡಲ ರಾಜಧಾನಿಯಿಂದ ಪಾರಾದರು.

‘ಹಿಪ್ಪರ್’ 1942ರ ಕೊನೆಯ ದಿನ ಬ್ಯಾರೆಂಟ್ಸ್ ಸಮುದ್ರದಲ್ಲಿ ಬ್ರಿಟಿಷ್ ಕಾವಲು ನೌಕೆಗಳಿಗೆ ಹಿಮ್ಮೆಟ್ಟಿತು. ಹಿಟ್ಲರನ ಕೋಪಕ್ಕೆ ನೌಕಾಧಿಪತಿ ರೇಡರನ ಪದವಿಯೇ ಹೋಯಿತು. 1945ರ ಮೇ ತಿಂಗಳಲ್ಲಿ ಕೀಲ್ ಬಂದರಿನಲ್ಲಿ ಜರ್ಮನರೇ ಅದನ್ನು ಹಾಳುಗೆಡವಿದರು. ‘ಜೈಡ್ಲಿಟ್ಸ್’ ಪೂರ್ಣಗೊಳ್ಳಲೇ ಇಲ್ಲ. ಅರೆಕಟ್ಟಿದ ‘ಲ್ಯೂಟ್ಸೋ’ವನ್ನು 1940ರಲ್ಲಿ ರಷ್ಯಕ್ಕೆ ಮಾರಿದ್ದರು, ಮರುವರ್ಷ ಲೆನಿನ್‌ಗ್ರಾಡಿನಲ್ಲಿ ಅದರ ಫಿರಂಗಿಗಳು ಜರ್ಮನರ ಮೇಲೆಯೇ ಬೆಂಕಿಯುಗುಳಿದುವು.

ಉಳಿದದ್ದು ‘ಪ್ರಿನ್ಸ್ ಆಯ್ಗನ್’. ‘ಬಿಸ್ಮಾರ್ಕ್’ನೊಡನೆ ಹೊರಟೂ ಬದುಕಿ ಬಂದ ಈ ಹಡಗು ಯುದ್ಧಾನಂತರ ಅಮೆರಿಕದ ಪಾಲಾಯಿತು. 1946ರ ಜುಲೈಯಲ್ಲಿ ಬಿಕಿನಿ ಹವಳದ್ವೀಪದ ಎರಡು ಪರಮಾಣು ಸ್ಫೋಟಗಳನ್ನೂ ಅದು ತೇಲುತ್ತಲೇ ಸಹಿಸಿತು. ಮೊದಲನೆಯದು ಗಾಳಿಯಲ್ಲಿ, ಎರಡನೆಯದು ನೀರೊಳಗೆ. ಎರಡನೆಯದರಿಂದ ಚಿಮ್ಮಿದ ನೀರು ವಿಕಿರಣಶೀಲ ವಸ್ತುಗಳನ್ನು ಹಡಗುಗಳ ಮೇಲೆಲ್ಲ ಎರಚಿತು. ಕ್ವಾಜಲೀನಿಗೆ ಎಳೆದೊಯ್ದಾಗ ಒಡಲಿನಲ್ಲಿದ್ದದ್ದು ಸಣ್ಣ ಸೋರಿಕೆ. ಅನ್ಯ ಸಮಯದಲ್ಲಿ ಕೆಲವು ಕುಶಲಿಗಳು ಮುಚ್ಚಿಬಿಡಬಹುದಾಗಿದ್ದ ಆ ಬಿರುಕುಗಳ ಬಳಿಗೆ, ವಿಕಿರಣದ ಭಯದಿಂದ, ಯಾರನ್ನು ಕಳಿಸುವುದು? ಸ್ಫೋಟವು ಮಾಡಲಾರದ್ದನ್ನು ಸೋರಿಕೆ ಮಾಡಿತು. ಡಿಸೆಂಬರ್ 22ರಂದು ಹಡಗು ಮಗುಚಿತು. ಅದರ ಒಡಲಿನ ತೈಲವನ್ನು ಅಮೆರಿಕದ ನೌಕಾಪಡೆ ಹೊರತೆಗೆದದ್ದು 2018ರಲ್ಲಿ. ಅದರ ಒಂದು ಪ್ರೊಪೆಲರ್ ಇಂದು ಕೀಲ್ ನಗರದ ಸಮೀಪ ಲಾಬೋ ಸ್ಮಾರಕದಲ್ಲಿದೆ.