ನೆಲದೊಳಗಿನ ಅರಮನೆ, ಕಾಗದದ ಮೇಲಿನ ಬಳ್ಳಿ

ಕಚೇರಿಯಲ್ಲಿ ಹಳೆಯ ಕಾಗದಪತ್ರಗಳ ಕಟ್ಟು ಬಿಚ್ಚಿದಾಗ, ಅವುಗಳ ಅಂಚಿನಲ್ಲಿ ಅಚ್ಚಾದ ಎಲೆಬಳ್ಳಿಯ ಚಿತ್ತಾರವನ್ನು ನೋಡುತ್ತ ಕೂರುವುದು ನನ್ನದೊಂದು ಚಾಳಿ. ಇಂಥ ಬಳ್ಳಿಗಳ ಜಾಡು ಹಿಡಿದು ಹೊರಟರೆ, ಅದರ ಒಂದು ಕವಲು ನಮ್ಮನ್ನು ರೋಮ್ ನಗರದ ನೆಲದೊಳಕ್ಕೆ ಇಳಿಸುತ್ತದೆ. ವಾಚಕರು ನನ್ನೊಡನೆ ಅಷ್ಟು ದೂರ ಬರಬೇಕೆಂದು ಕೋರುತ್ತೇನೆ.

ಕ್ರಿ.ಶ. 64ರಲ್ಲಿ ರೋಮ್ ಬೆಂಕಿಗೆ ತುತ್ತಾದ ಮೇಲೆ ಚಕ್ರವರ್ತಿ ನೀರೋ ಅಲ್ಲಿ ‘ಸುವರ್ಣ ಮಂದಿರ’ವೆಂಬ ಭಾರಿ ಅರಮನೆಯನ್ನು ಕಟ್ಟಿಸಿದ. ಅವನು ಅಳಿದ ತರುವಾಯ ಅದರ ಕೋಣೆಗಳಿಗೆ ಮಣ್ಣು ತುಂಬಿದರು. ಟ್ರಾಜನ್ ಚಕ್ರವರ್ತಿಯ ಕಾಲದಲ್ಲಿ ಅದರ ಮೇಲೆಯೇ ಸಾರ್ವಜನಿಕ ಸ್ನಾನಗೃಹಗಳು ಎದ್ದವು. ಅರಮನೆ ಮರೆತೇ ಹೋಯಿತು.

ಸುಮಾರು 1480ರಲ್ಲಿ ಆ ಕೋಣೆಗಳು ಮತ್ತೆ ಬೆಳಕು ಕಂಡವು. ಚಿತ್ರಕಾರರು ದೀವಟಿಗೆ ಹಿಡಿದು ಒಳಗೆ ನುಸುಳಿದರು. ಮಣ್ಣು ತುಂಬಿದ್ದರಿಂದ ಚಾವಣಿ ತಲೆಯ ಮೇಲೆಯೇ! ಅಲ್ಲಿ ಕಂಡದ್ದೇನು? ತೆಳ್ಳನೆಯ ಬಳ್ಳಿಗಳು, ಬಳ್ಳಿಯ ತುದಿಗೆ ಮನುಷ್ಯನ ಮೊಗ, ರೆಕ್ಕೆಯುಳ್ಳ ಮೃಗಗಳು. ಇಟಲಿಯವರ ಮಾತಿನಲ್ಲಿ ಗವಿಗೆ ‘ಗ್ರೊಟ್ಟ’ ಎಂದು ಹೆಸರು. ಆದ್ದರಿಂದ ಈ ಚಿತ್ತಾರ ‘ಗ್ರೊಟೆಸ್ಕ್’ ಆಯಿತು. ಇಂಥ ಅಸಂಭವ ಚಿತ್ರಗಳನ್ನು ಪ್ರಾಚೀನ ರೋಮಿನ ವಾಸ್ತುಪಂಡಿತ ವಿಟ್ರೂವಿಯಸ್ ನೀರೋನಿಗಿಂತ ಮೊದಲೇ ಹಳಿದಿದ್ದನು. ಆದರೂ ಹಳೆಯದೆಂಬ ಮೋಹಕ್ಕೆ ಆ ಪಂಡಿತನ ಮಾತು ಅಡ್ಡ ಬರಲಿಲ್ಲ.

ಹಾಗೆ ಇಳಿದವರಲ್ಲಿ ನಿಕೊಲೆಟ್ಟೊ ದ ಮೊದೆನ ಎಂಬ ಕೆತ್ತನೆಗಾರನೊಬ್ಬ. 1507ರಲ್ಲಿ ಅವನು ಅಲ್ಲಿ ಗೀಚಿದ ಹೆಸರು ಸಿಕ್ಕಿದೆ. ಈ ಬಗೆಯ ಬಳ್ಳಿಗಳನ್ನು ಅವನು ತಾಮ್ರದ ತಗಡಿನ ಮೇಲೆ ಕೊರೆದ. ಕೊರೆದ ಗೆರೆಗಳಿಗೆ ಮಸಿ ತುಂಬಿ, ತಗಡಿನ ಮೈ ಒರಸಿ, ತೇವದ ಕಾಗದ ಹಾಸಿ ಉರುಳೆಗಳ ನಡುವೆ ಒತ್ತಿದರೆ ಚಿತ್ರ ಮೂಡುತ್ತದೆ. ಒಂದೇ ತಗಡಿನಿಂದ ನೂರಾರು ಪ್ರತಿಗಳು! ರೋಮನ್ನು ಕಾಣದ ಅಕ್ಕಸಾಲಿಗ, ಬಡಗಿ, ನೇಕಾರರಿಗೂ ಇಂಥ ಹಾಳೆಗಳು ಮಾದರಿಯಾದವು. 1550ರ ದಶಕದಲ್ಲಿ ಆಂಟ್‌ವರ್ಪಿನ ಕಾರ್ನೆಲಿಸ್ ಫ್ಲೋರಿಸನ ಮಾದರಿಗಳು ಅಚ್ಚಾದಾಗ, ಬಳ್ಳಿಯ ಜೊತೆಗೆ ಸುರುಳಿ ಸುತ್ತಿದ ಪಟ್ಟಿಗಳೂ ಸೇರಿಕೊಂಡಿದ್ದವು. ಹೊಸ ಊರಿನಲ್ಲಿ ಬಳ್ಳಿ ಹೊಸ ಚಿಗುರು ಒಡೆದಿತ್ತು.

ಇತ್ತ ಮೂಲಚಿತ್ರಗಳ ಗತಿ? ಗಾಳಿ, ತೇವ ತಗುಲಿ ಬಣ್ಣಗಳು ಮಾಸಿದವು. ಚಾವಣಿಯಲ್ಲಿ ಅಳಿಸಿಹೋದ ಎಷ್ಟೋ ಸಂಗತಿಗಳನ್ನು ವಿದ್ವಾಂಸರು ಇಂದು ಹಳೆಯ ನಕಲುಗಳಲ್ಲಿ ಹುಡುಕಬೇಕಾಗಿದೆ.

ಇದನ್ನು ಓದಿದ ರಾತ್ರಿ ನನಗೆ ಊರಿನ ಮನೆಯಂಗಳದಲ್ಲಿ ತಾಯಿಯವರು ಇಡುತ್ತಿದ್ದ ರಂಗೋಲಿ ನೆನಪಾಯಿತು. ಇಲ್ಲಿಯ ಬಾಡಿಗೆ ಮನೆಯಲ್ಲಿ ಅಂಗಳವಿಲ್ಲ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಮಗಳ ಕೈಗೊಂದು ಚೌಕುಳಿ ಪುಸ್ತಕ ಕೊಟ್ಟು, ಅಜ್ಜಿಯ ಮಗ್ಗುಲಲ್ಲಿ ಕೂರಿಸಬೇಕೆಂದಿದ್ದೇನೆ.