ಕ್ರೂಸ್ ಪ್ರವಾಸ

ಹಡಗಿನಲ್ಲಿಯೇ ಊಟ, ವಸತಿ ಮತ್ತು ಮನರಂಜನೆಗಳನ್ನು ಪಡೆಯುತ್ತ ಹಲವು ಬಂದರುಗಳನ್ನು ಸಂದರ್ಶಿಸುವ ವಿಹಾರ ಯಾನವನ್ನು ಕ್ರೂಸ್ ಪ್ರವಾಸ ಅಥವಾ ಹಡಗು ವಿಹಾರ ಎಂದು ಕರೆಯಲಾಗುತ್ತದೆ. ಸಾಮಾನ್ಯ ಹಡಗು ಪ್ರಯಾಣದಲ್ಲಿ ಗುರಿ ತಲುಪುವುದು ಮುಖ್ಯ. ಇಲ್ಲಿ ಹಡಗಿನ ವಾಸವೇ ಪ್ರವಾಸದ ಮುಖ್ಯ ಭಾಗ. ಇಂತಹ ಯಾನಗಳನ್ನು ನಡೆಸುವ ಕಂಪನಿಗಳೇ ಕ್ರೂಸ್ ಸಂಸ್ಥೆಗಳು. ಹಣವನ್ನು ಮುಂಗಡವಾಗಿ ತೆರಬೇಕಾಗುವುದರಿಂದಲೂ ಯಾನ ಆರಂಭವಾದ ಮೇಲೆ ಹಡಗನ್ನು ಬದಲಿಸಲು ಸಾಧ್ಯವಿಲ್ಲದಿರುವುದರಿಂದಲೂ ದಂಪತಿಗಳು ಮತ್ತು ಕುಟುಂಬಗಳು ತಮಗೆ ಹೊಂದುವ ಸಂಸ್ಥೆಯನ್ನು ಮೊದಲೇ ವಿಚಾರಿಸಿ ಆರಿಸಿಕೊಳ್ಳಬೇಕಾಗುತ್ತದೆ.

ಇತಿಹಾಸ

ಬ್ರಿಟನ್ನಿನ ಪಿ ಅಂಡ್ ಒ ಕಂಪನಿಯು 1844ರಲ್ಲಿ ಸೌತಾಂಪ್ಟನ್ನಿನಿಂದ ಮೆಡಿಟರೇನಿಯನ್ ಸಮುದ್ರಕ್ಕೆ ವಿಹಾರ ಯಾನಗಳನ್ನು ಆರಂಭಿಸಿತು. 1900ರಲ್ಲಿ ಜರ್ಮನಿಯಲ್ಲಿ ನೀರಿಗಿಳಿದ 'ಪ್ರಿನ್ಜೆಸಿನ್ ವಿಕ್ಟೋರಿಯಾ ಲೂಯಿಸ್' ವಿಹಾರಕ್ಕೆಂದೇ ನಿರ್ಮಿಸಿದ ಮೊದಲ ಹಡಗೆಂದು ಪರಿಗಣಿತವಾಗಿದೆ. 1950ರ ದಶಕದ ಕೊನೆಯಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಸಾಗರವನ್ನು ದಾಟತೊಡಗಿದಾಗ ಪ್ರಯಾಣಿಕ ಹಡಗುಗಳ ಬೇಡಿಕೆ ಕುಸಿಯಿತು. ಹಡಗು ಕಂಪನಿಗಳು ವಿಹಾರದ ಕಡೆಗೆ ತಿರುಗಿದವು. ನಾರ್ವೇಜಿಯನ್ (1966), ರಾಯಲ್ ಕೆರಿಬಿಯನ್ (1968) ಮತ್ತು ಕಾರ್ನಿವಲ್ (1972) ಸಂಸ್ಥೆಗಳು ಈ ಅವಧಿಯಲ್ಲಿ ಹುಟ್ಟಿದವು.

ಸಂಸ್ಥೆಗಳ ಸ್ವರೂಪ

ಒಂದೇ ಒಡೆತನದ ಸಂಸ್ಥೆಗಳಲ್ಲಿಯೂ ವಾತಾವರಣ ಭಿನ್ನವಾಗಿರಬಹುದು. ಕಾರ್ನಿವಲ್, ಪ್ರಿನ್ಸೆಸ್, ಹಾಲೆಂಡ್ ಅಮೆರಿಕ, ಕ್ಯುನಾರ್ಡ್ ಮತ್ತು ಕೋಸ್ಟಾ ಒಂದೇ ಸಮೂಹಕ್ಕೆ ಸೇರಿವೆ. ಆದರೆ ಕಾರ್ನಿವಲ್ ಹಡಗುಗಳಲ್ಲಿ ಗೌಜು ಗದ್ದಲದ ಆಟ-ವಿನೋದಗಳಿಗೆ ಪ್ರಾಧಾನ್ಯವಿದ್ದರೆ, ಕ್ಯುನಾರ್ಡ್‌ನಲ್ಲಿ ಸಂಜೆಯ ಉಡುಪು, ಊಟದ ಶಿಷ್ಟಾಚಾರಗಳಿಗೆ ಮಹತ್ವವಿದೆ.

ಕುಟುಂಬಗಳಿಗೆ: ರಾಯಲ್ ಕೆರಿಬಿಯನ್, ಎಂಎಸ್‌ಸಿ, ಕಾರ್ನಿವಲ್ ಮತ್ತು ಡಿಸ್ನಿ ಸಂಸ್ಥೆಗಳ ಹಡಗುಗಳಲ್ಲಿ ಮಕ್ಕಳಿಗಾಗಿ ಪ್ರತ್ಯೇಕ ಆಟದ ಕೇಂದ್ರಗಳಿವೆ. ಡಿಸ್ನಿ ಹಡಗುಗಳಲ್ಲಿ ಕ್ಯಾಸಿನೊ ಇರುವುದಿಲ್ಲ. ಮಕ್ಕಳ ಕೇಂದ್ರಗಳಿಗೆ ಸಾಮಾನ್ಯವಾಗಿ 3 ವರ್ಷ ತುಂಬಿದವರನ್ನು ಸೇರಿಸಿಕೊಳ್ಳುತ್ತಾರೆ.

ದಂಪತಿಗಳಿಗೆ: ವೈಕಿಂಗ್ ಮತ್ತು ವರ್ಜಿನ್ ವಾಯೇಜಸ್ ಹಡಗುಗಳಲ್ಲಿ 18 ವರ್ಷಕ್ಕಿಂತ ಕಿರಿಯರಿಗೆ ಪ್ರವೇಶವಿಲ್ಲ. ವೈಕಿಂಗ್ ಯಾನಗಳಲ್ಲಿ ಇತಿಹಾಸ, ಸಂಸ್ಕೃತಿಗಳ ಪರಿಚಯಕ್ಕೆ ಒತ್ತು ನೀಡಿದರೆ, ವರ್ಜಿನ್ ಹಡಗುಗಳಲ್ಲಿ ಸಂಗೀತ ಮತ್ತು ರಾತ್ರಿಯ ಮನರಂಜನೆ ಪ್ರಧಾನವಾಗಿದೆ.

ಹಡಗು ಮತ್ತು ಕೊಠಡಿ

2024ರಲ್ಲಿ ಯಾನ ಆರಂಭಿಸಿದ 'ಐಕಾನ್ ಆಫ್ ದ ಸೀಸ್' ಹಡಗಿನ ಒಟ್ಟು ಟನ್ನೇಜ್ 2,48,663. ಕೊಠಡಿಗೆ ಇಬ್ಬರಂತೆ 5,610 ಪ್ರಯಾಣಿಕರಿಗೆ ಸ್ಥಳವಿದೆ. ಟನ್ನೇಜನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ಸುಮಾರು 44 ಬರುತ್ತದೆ. ಈ ಸಂಖ್ಯೆ ಹೆಚ್ಚಿದಷ್ಟೂ ಒಬ್ಬೊಬ್ಬರಿಗೆ ದೊರೆಯುವ ಸ್ಥಳ ಹೆಚ್ಚು. ದೊಡ್ಡ ಹಡಗಿನಲ್ಲಿ ಸೌಲಭ್ಯಗಳು ಅಧಿಕ. ಸಣ್ಣ ಹಡಗು ಕಿರಿದಾದ ಬಂದರುಗಳಿಗೂ ಹೋಗಬಲ್ಲದು.

ಕೊಠಡಿಗಳಲ್ಲಿ ಕಿಟಕಿಯಿಲ್ಲದ ಒಳಕೊಠಡಿ, ಸಮುದ್ರ ಕಾಣುವ ಕಿಟಕಿಯುಳ್ಳ ಕೊಠಡಿ, ಬಾಲ್ಕನಿ ಕೊಠಡಿ ಮತ್ತು ಸೂಟ್ ಎಂಬ ನಾಲ್ಕು ಮುಖ್ಯ ಬಗೆಗಳಿವೆ. ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತುಗಳಲ್ಲಿ ಓಲಾಟ ಕಡಿಮೆ. ವಾಕರಿಕೆಯ ತೊಂದರೆಯುಳ್ಳವರಿಗೂ ವೃದ್ಧರಿಗೂ ಅಲ್ಲಿನ ಕೊಠಡಿಗಳು ಅನುಕೂಲ. ಕೆಲವು ಬಂದರುಗಳಲ್ಲಿ ಹಡಗು ದೂರದಲ್ಲಿ ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಕಳುಹಿಸಲಾಗುತ್ತದೆ. ಗಾಲಿಕುರ್ಚಿ ಬಳಸುವವರಿಗೆ ಅಲ್ಲಿ ಇಳಿಯಲು ಆಗದಿರಬಹುದು.

ವೆಚ್ಚ

ಟಿಕೆಟ್ ದರದಲ್ಲಿ ಸಾಮಾನ್ಯವಾಗಿ ಕೊಠಡಿ, ಮುಖ್ಯ ಭೋಜನಶಾಲೆಯ ಊಟ ಮತ್ತು ಪ್ರದರ್ಶನಗಳು ಸೇರಿರುತ್ತವೆ. ಮದ್ಯ, ವಿಶೇಷ ಭೋಜನಶಾಲೆ, ಇಂಟರ್‌ನೆಟ್ ಮತ್ತು ದಡದ ಪ್ರವಾಸಗಳಿಗೆ ಅನೇಕ ಸಂಸ್ಥೆಗಳಲ್ಲಿ ಬೇರೆಯೇ ಹಣ ತೆರಬೇಕು. ಸಿಬ್ಬಂದಿಯ ಟಿಪ್ಸ್ ಹಣವನ್ನು ಹಲವು ಸಂಸ್ಥೆಗಳು ತಲೆಗೆ, ದಿನಕ್ಕೆ ಇಷ್ಟೆಂದು ಲೆಕ್ಕಹಾಕುತ್ತವೆ. ಬಹಳಷ್ಟು ಕಡೆ ಮಕ್ಕಳಿಗೂ ಇದು ಅನ್ವಯಿಸುತ್ತದೆ. ನಾಲ್ವರ ಕುಟುಂಬವು ಏಳು ದಿನ ಪ್ರಯಾಣಿಸಿದರೆ ಈ ಮೊತ್ತವನ್ನು 28 ಬಾರಿ ಕೊಟ್ಟಂತಾಗುತ್ತದೆ. ಆದುದರಿಂದ ಜಾಹೀರಾತಿನ ದರಗಳಿಗಿಂತ ಒಟ್ಟು ವೆಚ್ಚವನ್ನು ಹೋಲಿಸುವುದು ಸೂಕ್ತ.

ನಿಯಮ, ಆರೋಗ್ಯ ಮತ್ತು ಸುರಕ್ಷತೆ

ಅನೇಕ ಸಂಸ್ಥೆಗಳು 6 ತಿಂಗಳು ತುಂಬದ ಶಿಶುಗಳನ್ನು ಹತ್ತಿಸಿಕೊಳ್ಳುವುದಿಲ್ಲ. ಸಾಗರ ದಾಟುವ ದೀರ್ಘ ಯಾನಗಳಿಗೆ ಈ ಮಿತಿ 12 ತಿಂಗಳು. ಗರ್ಭಧಾರಣೆಯ 24ನೇ ವಾರ ತಲುಪಿದವರಿಗೂ ಸಾಮಾನ್ಯವಾಗಿ ಅವಕಾಶವಿಲ್ಲ. ಈ ನಿಯಮಗಳನ್ನು ಅರಿಯದೆ ಹೋದವರು ಬಂದರಿನಿಂದಲೇ ಹಿಂದಿರುಗಬೇಕಾಗಬಹುದು. ಹಡಗಿನ ಚಿಕಿತ್ಸಾಲಯದ ಶುಲ್ಕ ಪ್ರತ್ಯೇಕವಾದ್ದರಿಂದ ಪ್ರವಾಸ ವಿಮೆ ಅಗತ್ಯ.

ಜನ ಒತ್ತಾಗಿರುವ ಹಡಗುಗಳಲ್ಲಿ ವಾಂತಿಭೇದಿ ತರುವ ನೋರೊವೈರಸ್ ಬೇಗ ಹರಡುತ್ತದೆ. ಇದನ್ನು ತಡೆಯಲು ಸ್ಯಾನಿಟೈಸರ್‌ಗಿಂತ ಸಾಬೂನಿನಿಂದ ಕೈ ತೊಳೆಯುವುದು ಹೆಚ್ಚು ಪರಿಣಾಮಕಾರಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯು ತನ್ನ ವ್ಯಾಪ್ತಿಯ ಹಡಗುಗಳ ನೈರ್ಮಲ್ಯವನ್ನು ಪರೀಕ್ಷಿಸಿ 100ಕ್ಕೆ ಅಂಕ ನೀಡುತ್ತದೆ. 85 ಅಥವಾ ಅದಕ್ಕಿಂತ ಕಡಿಮೆ ಅಂಕವೆಂದರೆ ಅನುತ್ತೀರ್ಣ. ಈ ವರದಿಗಳನ್ನು ಯಾರು ಬೇಕಾದರೂ ನೋಡಬಹುದು.

2012ರ ಜನವರಿ 13ರಂದು ಇಟಲಿಯ ತೀರದಲ್ಲಿ 'ಕೋಸ್ಟಾ ಕಾಂಕಾರ್ಡಿಯಾ' ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅಂದು ಹೊಸದಾಗಿ ಹತ್ತಿದ ಪ್ರಯಾಣಿಕರಿಗೆ ತುರ್ತು ತಾಲೀಮು ನಡೆದಿರಲಿಲ್ಲ. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಈ ತಾಲೀಮು ಕಡ್ಡಾಯವಾಗಿದೆ.

ಭಾರತದಲ್ಲಿ

2021ರಲ್ಲಿ ಕಾರ್ಡೀಲಿಯಾ ಸಂಸ್ಥೆಯು 'ಎಂಪ್ರೆಸ್' ಹಡಗಿನ ಮೂಲಕ ಮುಂಬಯಿಯಿಂದ ಗೋವಾ, ಲಕ್ಷದ್ವೀಪ, ಕೊಚ್ಚಿಗಳ ಕಡೆಗೆ ಯಾನ ಆರಂಭಿಸಿತು. ನವ ಮಂಗಳೂರು ಬಂದರಿಗೂ ವಿದೇಶಿ ವಿಹಾರ ಹಡಗುಗಳು ಮಳೆಗಾಲ ಕಳೆದ ಮೇಲೆ ಬರುತ್ತವೆ. ಅವುಗಳಲ್ಲಿ ಬಂದವರು ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಮುಂತಾದವನ್ನು ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ.

ವಿದೇಶಗಳಿಂದ ಹೊರಡುವ ಯಾನಗಳಿಗೆ ಭಾರತೀಯರು ಹಡಗು ನಿಲ್ಲುವ ಪ್ರತಿಯೊಂದು ದೇಶದ ವೀಸಾ ನಿಯಮವನ್ನು ನೋಡಿಕೊಳ್ಳಬೇಕು. ಷೆಂಗೆನ್ ದೇಶಗಳಿಂದ ಹೊರಗೆ ಹೋಗಿ ಮತ್ತೆ ಅಲ್ಲಿಗೇ ಮರಳುವ ಯಾನಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಲು ಅವಕಾಶವಿರುವ ವೀಸಾ ಬೇಕು. ಸಸ್ಯಾಹಾರ ಅಥವಾ ಜೈನ ಆಹಾರ ಬೇಕಾದವರು ಟಿಕೆಟ್ ಕಾಯ್ದಿರಿಸುವಾಗಲೇ ಸಂಸ್ಥೆಗೆ ತಿಳಿಸುವುದು ಒಳ್ಳೆಯದು.