ಧೂಮಪಾನ ತ್ಯಜಿಸಿದ ಮೊದಲ ದಿನಗಳು: ಗ್ರಾಮ ಪಂಚಾಯತ್ ಸದಸ್ಯರ ತಿಳಿವಳಿಕೆಗಾಗಿ

ಬೀಡಿ, ಸಿಗರೇಟು ಬಿಡುವುದಾಗಿ ನಿಶ್ಚಯಿಸಿದವರಲ್ಲಿ ಬಹಳ ಮಂದಿ ಮೊದಲ ಕೆಲವು ದಿನಗಳಲ್ಲಿಯೇ ಮತ್ತೆ ಸೇದಲು ತೊಡಗುತ್ತಾರೆ. ಇದನ್ನು ಮನೋದೌರ್ಬಲ್ಯವೆಂದು ಹಳಿಯುವುದು ಸರಿಯಲ್ಲ. ತಂಬಾಕಿನಲ್ಲಿರುವ ನಿಕೋಟಿನ್‌ಗೆ ಮೆದುಳು ಒಗ್ಗಿಹೋಗಿರುವುದೇ ಇದಕ್ಕೆ ಮುಖ್ಯ ಕಾರಣ. ಈ ಅವಧಿಯಲ್ಲಿ ಊರಿನ ಜನರ ಆಸರೆ ದೊರೆತರೆ ಬಿಟ್ಟವರು ನಿಲ್ಲುವ ಸಂಭವ ಹೆಚ್ಚುತ್ತದೆ.

ಕಬ್ಬೂರ ಹಾಗೂ ಚಿಕ್ಕೋಡಿ, ನಿಪ್ಪಾಣಿ ಸುತ್ತಲಿನ ಗ್ರಾಮಗಳಲ್ಲಿ ಈ ವಿಷಯವನ್ನು ಎಚ್ಚರದಿಂದ ಎತ್ತಬೇಕಾಗುತ್ತದೆ. ನಿಪ್ಪಾಣಿ ಸೀಮೆಯು ಬೀಡಿ ತಂಬಾಕಿಗೆ ಹೆಸರಾದುದು. 1981ರಲ್ಲಿ ಇಲ್ಲಿಯ ಬೆಳೆಗಾರರು ನ್ಯಾಯಬೆಲೆಗಾಗಿ ದೊಡ್ಡ ಚಳವಳಿಯನ್ನೇ ನಡೆಸಿದರು. ಬೀಡಿ ಕಟ್ಟಿ ಸಂಸಾರ ಸಾಗಿಸುವ ಮಹಿಳೆಯರೂ ಈ ಭಾಗದಲ್ಲಿದ್ದಾರೆ. ಆದ್ದರಿಂದ ಧೂಮಪಾನ ತ್ಯಜಿಸಲು ನೀಡುವ ನೆರವು ಬೆಳೆಗಾರರ ಅಥವಾ ಕಾರ್ಮಿಕರ ವಿರುದ್ಧವಾದುದಲ್ಲ, ಸೇದುವವರ ಮತ್ತು ಅವರ ಮನೆಯವರ ಆರೋಗ್ಯಕ್ಕಾಗಿ ಎಂಬುದನ್ನು ಸ್ಪಷ್ಟಪಡಿಸಬೇಕು.

ದೇಹದಲ್ಲಿ ಆಗುವ ಬದಲಾವಣೆ

ಕೊನೆಯ ಬೀಡಿ ಸೇದಿದ ಕೆಲವೇ ತಾಸುಗಳಲ್ಲಿ ಚಡಪಡಿಕೆ ಆರಂಭವಾಗುತ್ತದೆ. ಸಿಟ್ಟು, ತಲೆನೋವು, ನಿದ್ರಾಭಂಗ, ಹಸಿವಿನ ಹೆಚ್ಚಳ, ಮಲಬದ್ಧತೆ, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಸಾಮಾನ್ಯ ಲಕ್ಷಣಗಳು. ಎರಡನೆಯ ಮತ್ತು ಮೂರನೆಯ ದಿನ ಇವು ತೀವ್ರವಾಗಿರುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಶಮನಗೊಳ್ಳುತ್ತವೆ. ಕೆಲವರಿಗೆ ಕೆಮ್ಮು ಹೆಚ್ಚಾದಂತೆಯೂ ತೋರಬಹುದು. ಇದನ್ನು ಕಂಡು "ಬಿಟ್ಟಿದ್ದರಿಂದಲೇ ಆರೋಗ್ಯ ಕೆಟ್ಟಿತು" ಎಂದು ಭಾವಿಸಬಾರದು. ಒಂದು ದಿನದೊಳಗೆ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಸಹಜ ಮಟ್ಟಕ್ಕೆ ಇಳಿಯುತ್ತದೆ. ಒಂದು ವರ್ಷ ಕಳೆಯುವಷ್ಟರಲ್ಲಿ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ ಹೃದ್ರೋಗದ ಅಪಾಯವು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ತಲಬು ಬಂದಾಗ

ಸೇದಬೇಕೆಂಬ ತಲಬು ಸಾಮಾನ್ಯವಾಗಿ ಕೆಲವು ನಿಮಿಷಗಳಷ್ಟೇ ಇರುತ್ತದೆ. ಆ ಹೊತ್ತನ್ನು ದಾಟಿಸುವುದೇ ಮುಖ್ಯ. ಹತ್ತು ನಿಮಿಷ ಮುಂದೂಡುವುದು, ದೀರ್ಘವಾಗಿ ಉಸಿರಾಡುವುದು, ನಿಧಾನವಾಗಿ ನೀರು ಕುಡಿಯುವುದು, ಕೈಗೆ ಬೇರೆ ಕೆಲಸ ಕೊಡುವುದು ಇದಕ್ಕೆ ಉಪಾಯಗಳು. ಸೋಂಪು, ಏಲಕ್ಕಿ ಬಾಯಲ್ಲಿಟ್ಟುಕೊಳ್ಳಬಹುದು. ಚಹಾದ ಜೊತೆಗೆ ಸೇದುವ ರೂಢಿಯಿದ್ದವರು ಕೆಲವು ದಿನ ಚಹಾ ಕಡಿಮೆ ಮಾಡುವುದು, ಸೇದುವವರ ಗುಂಪಿನಿಂದ ದೂರ ಕೂಡುವುದು ಒಳಿತು. ಮನೆಯಲ್ಲಿ, ಅಂಗಿಯ ಕಿಸೆಯಲ್ಲಿ ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ ಇರಬಾರದು. ಬೀಡಿಗೆ ಬದಲಾಗಿ ಗುಟ್ಕಾ, ಮಾವಾ ಅಥವಾ ಸುಣ್ಣ ತಿಕ್ಕಿದ ತಂಬಾಕಿಗೆ ಹೊರಳಿದರೆ ವ್ಯಸನ ಹಾಗೆಯೇ ಉಳಿಯುತ್ತದೆ, ಬಾಯಿ ಕ್ಯಾನ್ಸರ್‌ನ ಅಪಾಯವೂ ಇರುತ್ತದೆ.

ಹೆಚ್ಚು ಸೇದುತ್ತಿದ್ದವರಿಗೆ ನಿಕೋಟಿನ್ ಗಮ್ ನೆರವಾಗುತ್ತದೆ. ಅದನ್ನು ಸತತ ಅಗಿಯದೆ, ಸ್ವಲ್ಪ ಅಗಿದು ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಬಳಸಬಾರದು.

ಸದಸ್ಯರು ಮಾಡಬಹುದಾದುದು

ಬಿಟ್ಟವರನ್ನು ಮೊದಲ ವಾರ ಪ್ರತಿದಿನ ಮಾತನಾಡಿಸುವುದು ದೊಡ್ಡ ಸಹಾಯ. ಅವರ ಸಿಟ್ಟು ತಾತ್ಕಾಲಿಕವೆಂದು ಮನೆಯವರಿಗೆ ಮೊದಲೇ ತಿಳಿಸಬೇಕು. ಒಮ್ಮೆ ಸೇದಿಬಿಟ್ಟರೂ ಗೇಲಿ ಮಾಡದೆ, ಅಂದಿನಿಂದಲೇ ಮತ್ತೆ ಬಿಡುವಂತೆ ಹುರಿದುಂಬಿಸಬೇಕು. ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356ಕ್ಕೆ ಶುಲ್ಕವಿಲ್ಲದೆ ಕರೆ ಮಾಡಬಹುದು. ಈ ಸಂಖ್ಯೆಯನ್ನು ಪಂಚಾಯತ್ ಫಲಕದಲ್ಲಿ ಬರೆಯಿಸಿ, ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ತಲುಪಿಸಬಹುದು.

ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ನಿಯಮಗಳು 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಜಾರಿಯಲ್ಲಿವೆ. ಪಂಚಾಯತ್ ಕಚೇರಿಯೂ ಸಾರ್ವಜನಿಕ ಸ್ಥಳವೇ. ಸಭೆಯ ದಿನ ಕಚೇರಿಯ ಆವರಣದಲ್ಲಿ ಯಾರೂ ಬೀಡಿ ಹಚ್ಚದಿದ್ದರೆ, ಬಿಟ್ಟು ಮೂರೇ ದಿನವಾದ ಸದಸ್ಯರೊಬ್ಬರಿಗೆ ಆ ದಿನ ಸುಲಭವಾಗುತ್ತದೆ. ನೆರವು ಅಲ್ಲಿಂದಲೇ ಆರಂಭವಾಗಲಿ.